ಮೇಸ್ತ್ರಿಯ ಕೈ ತಪ್ಪು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದ ಕಾರು ರಿಪೇರಿಯ ಮೇಸ್ತ್ರಿಯೊಬ್ಬರು ಯಾವ ಕಾರು ಬಂದರೂ ಬಾನೆಟ್ಟಿನ ಮೇಲೆ ಅಂಗೈ ಊರಿ ಎಂಜಿನ್ನಿನ ಬಿಸಿ, ನಡುಕ ನೋಡುತ್ತಿದ್ದರು. “ಮೊದ್ಲು ಮುಟ್ರಿ, ಆಮೇಲೆ ಮಾತಾಡ್ರಿ” ಎನ್ನುತ್ತಿದ್ದರು. ೧೯೬೦ರ ಸುಮಾರಿಗೆ ನಾನು ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಜಿನ್ನಿನ ಪಾಠ ಹೇಳುತ್ತಿದ್ದೆ. ಸಂಜೆ ಅವರ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ.

ಹತ್ತಿ ವ್ಯಾಪಾರದ ಸಾಹುಕಾರರೊಬ್ಬರ ಕಾರಿಗೆ ಮೇಸ್ತ್ರಿ ಬೇರೆ ಎಂಜಿನ್ ಕೂರಿಸಿದಾಗ, ನಾನೇ ಹಟ ಹಿಡಿದು ಅದನ್ನು ತಂಪು ಮಾಡುವ ಫ್ಯಾನು ಹಾಕಿದೆ. ಮರುದಿನ ಸಾಹುಕಾರರು ಮಗಳ ಮದುವೆ ನಿಶ್ಚಯಕ್ಕೆ ಹೊರಟರೆ, ಹರಿಹರದ ಸೇತುವೆ ತಲುಪುವ ಮೊದಲೇ ಎಂಜಿನ್ ಕಾದು ನೀರು ಕುದಿಯಿತು. ಸಂಜೆ ನಾನು ಶೆಡ್ಡಿನಲ್ಲಿದ್ದಾಗ ಎತ್ತು ಕಟ್ಟಿ ಕಾರನ್ನು ಎಳೆಸಿಕೊಂಡು ಬಂದವರು, “ಎಂಜಿನ್ ಕೂರಿಸಾಕ ಬರದಿದ್ರೆ ಯಾಕ ಕೈ ಹಾಕ್ದಲೇ?” ಎಂದು ಬೀದಿಗೆಲ್ಲ ಕೇಳುವಂತೆ ಮೇಸ್ತ್ರಿಯ ಮೇಲೆ ಕೂಗಾಡಿದರು.

ಮೇಸ್ತ್ರಿ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿದರು. ಫ್ಯಾನು ಎಳೆಯುವ ಗಾಳಿಗೆ ಜಾಲರಿಗೆ ಅಂಟಿಕೊಳ್ಳಬೇಕಾದ ಕಾಗದ ಅಂಟದೆ ಕೆಳಕ್ಕೆ ಬಿತ್ತು. ನಾನು ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದ್ದೆ. ಅವರು ನನ್ನನ್ನೊಮ್ಮೆ ನೋಡಿದರು.

“ಫ್ಯಾನು ಹಿಂದುಮುಂದಾಗೈತೆ. ನನ್ ಕೈ ತಪ್ಪುರಿ, ಸಾಹುಕಾರ್ರೆ.”

ಸಾಹುಕಾರರು ಹೋದ ಮೇಲೆ, “ಯಾಕ ಹಂಗಂದ್ರಿ?” ಎಂದು ಕೇಳಿದೆ.

“ನಾಳೆ ನೀವು ಹುಡುಗ್ರ ಮುಂದೆ ನಿಂತು ಪಾಠ ಹೇಳ್ಬೇಕಲ್ಲ, ಮೇಷ್ಟ್ರೇ. ನಂಗೆ ಬೈಸ್ಕೊಂಡು ರೂಢಿ ಐತೆ ಬಿಡ್ರಿ.”

ಸಾಹುಕಾರರ ಮನೆ ಅಲ್ಲಿಂದ ಎರಡೇ ಬೀದಿ. ನಡೆದುಹೋಗಿ ನಿಜ ಹೇಳಬಹುದಿತ್ತು. ನಾನು ಕೈ ತೊಳೆದುಕೊಂಡು ನನ್ನ ಮನೆಗೆ ಹೋದೆ. ಮಾರನೆಯ ದಿನ ತರಗತಿಯಲ್ಲಿ ಎಂಜಿನ್ ತಂಪು ಮಾಡುವ ಪಾಠವಿತ್ತು. ಒಂದು ಕಡೆಯೂ ತಡವರಿಸದೆ ಹೇಳಿ ಮುಗಿಸಿದೆ.