ಡೋಲಕ್ಕಿನ ಮೇಲಿನ ಟವೆಲ್

ಅಕ್ಕನಿಗೆ ಜೋರು ಸದ್ದು ಆಗುವುದಿಲ್ಲ ಎಂದು ಆ ಹಾಡಿನ ಗುಂಪಿನಲ್ಲಿ ಮೊದಲ ದಿನವೇ ಹೇಳಿದವಳು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅವಳನ್ನೂ ಯಾರೂ ಕೇಳಲಿಲ್ಲ; ಕೇಳುವುದಕ್ಕೆ ನಾನು ಎಡೆ ಕೊಟ್ಟಿರಲಿಲ್ಲ.

ಅಕ್ಕನ ಬುದ್ಧಿಯ ಬೆಳವಣಿಗೆ ಹುಟ್ಟಿನಿಂದಲೇ ನಿಧಾನ. ಮಾತು ಕಡಿಮೆ. ಏನಾದರೂ ಕೇಳಿದರೆ ಉತ್ತರ ಹೊರಡಲು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ತುಂಬುವುದು ಚಿಕ್ಕಂದಿನಿಂದ ನನ್ನ ಕೆಲಸವಾಗಿತ್ತು. ಬಳೆ ಅಂಗಡಿಯವಳು ಯಾವ ಬಣ್ಣ ಬೇಕು ಎಂದು ಅವಳನ್ನು ಕೇಳಿದರೆ, ಹಸಿರು ಎಂದು ನಾನು ಹೇಳುತ್ತಿದ್ದೆ. ಜನ ನನ್ನನ್ನು ಹೊಗಳುತ್ತಿದ್ದರು. ಅಕ್ಕನಿಗೆ ಹಸಿರು ಇಷ್ಟವೋ ಅಲ್ಲವೋ ನನಗೆ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ.

ಗುಂಪು ಸೇರುವುದು ಹೊಸಪೇಟೆಯಲ್ಲಿ, ಭಾನುವಾರ ಮಧ್ಯಾಹ್ನ, ಒಂದು ಶಾಲೆಯ ಕೋಣೆಯಲ್ಲಿ. ನಡೆಸುವವರು ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಾರೆ. ಬರುವವರೆಲ್ಲ ದೊಡ್ಡವರು. ಹಾರ್ಮೋನಿಯಂ ನುಡಿಸುವ ಹಿರಿಯರಿಗೆ ಕಣ್ಣು ಕಾಣುವುದಿಲ್ಲ. ಲಕ್ವ ಹೊಡೆದ ಒಬ್ಬರು ಎಡಗೈಯಲ್ಲಿ ಗೆಜ್ಜೆ ಆಡಿಸುತ್ತಾರೆ. ಯಾವ ತೊಂದರೆಯೂ ಇಲ್ಲದೆ, ಬರೀ ಹಾಡುವ ಆಸೆಗೆ ಬರುವವರೂ ಇದ್ದಾರೆ. ಹಾಡುವ ಕ್ರಮ ಭಜನೆಯದೇ: ಒಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನು ತಿರುಗಿ ಹೇಳುತ್ತಾರೆ. ಇಲ್ಲಿ ಒಂದೇ ವ್ಯತ್ಯಾಸವೆಂದರೆ, ಎಲ್ಲರಿಗಿಂತ ನಿಧಾನದವರು ಮುಗಿಸುವತನಕ ಮುಂದಿನ ಸಾಲನ್ನು ಯಾರೂ ಎತ್ತುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಹಾಡು ಕೆಳಗೆ ಬೀಳದಂತೆ ಹಿಡಿದುಕೊಳ್ಳುವುದು ಡೋಲಕ್.

ಡೋಲಕ್ ನುಡಿಸುತ್ತಿದ್ದವರು ಕಂಪ್ಲಿಯವರು. ಅಕ್ಕಿ ಗಿರಣಿಯಲ್ಲಿ ಯಂತ್ರದ ಪಕ್ಕದಲ್ಲೇ ದುಡಿದು ಅವರ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಡೋಲಕ್ಕನ್ನು ತೊಡೆಗೆ ಒತ್ತಿಕೊಂಡು, ಮೈ ಮುಂದಕ್ಕೆ ಬಾಗಿಸಿ, ಬಲವಾಗಿ ಬಾರಿಸುತ್ತಿದ್ದರು. ನನಗೆ ಕಂಡದ್ದು ಅವರು ಮಾಡುತ್ತಿದ್ದ ಸದ್ದು ಮಾತ್ರ.

ಅಕ್ಕ ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಮೊಹರಂ ಹಬ್ಬಕ್ಕೆ ಹಲಗೆ ಬಾರಿಸುತ್ತ ಬಂದವರನ್ನು ಕಂಡು ಹೆದರಿ ಮಂಚದ ಕೆಳಗೆ ಸೇರಿಕೊಂಡಿದ್ದಳು. ಊಟಕ್ಕೂ ಹೊರಗೆ ಬಂದಿರಲಿಲ್ಲ. ಅಂದಿನಿಂದ ಮದುವೆಯ ಬ್ಯಾಂಡು ಬಂದರೂ ಅಮ್ಮ ಕಿಟಕಿ ಮುಚ್ಚುತ್ತಾಳೆ. ಈ ಕತೆಯನ್ನು ನಾನು ಟೀಚರಮ್ಮನಿಗೆ ವಿವರವಾಗಿ ಹೇಳಿದೆ. ಅವರು ತಕ್ಷಣ ಒಂದು ದಪ್ಪ ಟವೆಲ್ ತರಿಸಿ ಡೋಲಕ್ಕಿನ ಮೈಗೆ ಸುತ್ತಿಸಿದರು. ಬೆರಳಿನಲ್ಲಷ್ಟೇ ನುಡಿಸಬೇಕು ಎಂದು ಕೈ ಸನ್ನೆ ಮಾಡಿ ತೋರಿಸಿದರು. ಡೋಲಕ್ಕಿನವರು ಅಕ್ಕನ ಮುಖ ನೋಡಿ, ಆಗಲಿ ಬಿಡ್ರಿ ಎಂದರು. ಅಕ್ಕನಿಗೆ ಯಾವ ವಾದ್ಯ ಕೊಡೋಣ ಎಂಬ ಪ್ರಶ್ನೆ ಬಂದಾಗ, ಹಗುರವಾಗಿರುತ್ತದೆ ಎಂದು, ತಾಳ ಸಾಕು ಎಂದೆ. ಅಕ್ಕ ತಾಳ ಹಿಡಿದು ಕುಳಿತಳು. ನಾನು ಬಾಗಿಲ ಹೊರಗೆ ಮೊಬೈಲ್ ಹಿಡಿದು ಕುಳಿತೆ.

ಆಮೇಲಿನ ತಿಂಗಳುಗಳಲ್ಲಿ ಡೋಲಕ್ ತಪ್ಪತೊಡಗಿತು. ಸಾಲು ಮುಗಿಯುವ ಮೊದಲೇ ಮುಕ್ತಾಯದ ಪೆಟ್ಟು ಬೀಳುತ್ತಿತ್ತು, ಇಲ್ಲವೇ ಎಲ್ಲರೂ ನಿಲ್ಲಿಸಿದ ಮೇಲೂ ನಡೆಯುತ್ತಿತ್ತು. ಯಾರೋ ನಗುತ್ತಿದ್ದರು, ಕೆಟ್ಟ ನಗುವಲ್ಲ. ಅವರೂ ನಗುತ್ತಿದ್ದರು. ಒಂದು ಭಾನುವಾರ ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ಕಂಪ್ಲಿಯಿಂದ ಬಂದು ಹೋಗುವುದು ಕಷ್ಟವಾಗಿರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು.

ಕಳೆದ ಚಳಿಗಾಲದಲ್ಲಿ ಕಂಪ್ಲಿಯ ಒಂದು ಭಜನಾ ಮಂಡಳಿ ನಮ್ಮ ಗುಂಪನ್ನು ಹಾಡಲು ಕರೆಯಿತು. ನಾನು ಸಂಡೂರಿನಲ್ಲಿ ಅದಿರಿನ ಮಾದರಿ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಆ ಭಾನುವಾರ ಬೆಳಗಿನ ಪಾಳಿ ಇತ್ತು. ಅಕ್ಕನನ್ನು ಟೀಚರಮ್ಮನ ಜೊತೆ ಟೆಂಪೊದಲ್ಲಿ ಕಳಿಸಿ, ಪಾಳಿ ಮುಗಿಸಿ ಬಸ್ಸು ಹಿಡಿದು ಕಂಪ್ಲಿಗೆ ಹೋದೆ. ಸಭಾಭವನ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಡೋಲಕ್ಕಿನ ಸದ್ದು ಕೇಳಿತು, ಏನೂ ಸುತ್ತದ ಡೋಲಕ್. ನಾನು ಓಡಿದೆ. ಅಕ್ಕ ಯಾವ ಬೆಂಚಿನ ಕೆಳಗೆ ಇರುತ್ತಾಳೋ ಎಂದು ಒಳಗೆ ಹೋದವಳೇ ಮೊದಲು ನೆಲವನ್ನೇ ನೋಡಿದೆ.

ಅಕ್ಕ ಮುಂದಿನ ಜಮಖಾನೆಯ ಮೇಲೆ ನಮ್ಮ ಹಳೆಯ ಡೋಲಕ್ಕಿನವರ ಪಕ್ಕದಲ್ಲಿ ಕುಳಿತಿದ್ದಳು. ಡೋಲಕ್ಕಿನ ಮೈ ಮೇಲೆ ಅಂಗೈ ಅಗಲಿಸಿ ಇಟ್ಟಿದ್ದಳು. ಅವರು ಪೂರ್ತಿ ಕೈಯಲ್ಲಿ ಬಾರಿಸುತ್ತಿದ್ದರು. ಪ್ರತಿ ಪೆಟ್ಟಿಗೂ ಅಕ್ಕನ ಹೆಗಲು ಸಣ್ಣಗೆ ಏಳುತ್ತಿತ್ತು. ಅವಳ ತಾಳ ಮಡಿಲಲ್ಲಿ ಬಿದ್ದಿತ್ತು.

ಹಾಡು ಮುಗಿದ ಮೇಲೆ ಟೀಚರಮ್ಮನ ಹತ್ತಿರ ಹೋಗಿ, ಡೋಲಕ್ಕಿನವರು ನಮ್ಮಲ್ಲಿಗೆ ಬರುವುದನ್ನು ಬಿಟ್ಟದ್ದೇಕೆ ಎಂದು ಕೇಳಿದೆ.

"ಅವರಿಗೆ ಕಿವಿ ಎಲ್ಲೈತಮ್ಮ? ಡೋಲಕ್ಕು ನಡುಗಿದ್ದು ತೊಡಿಗೆ ತಿಳೀಬೇಕು. ಟವೆಲ್ ಸುತ್ತಿದ ಮ್ಯಾಲ ಏನೂ ತಿಳೀವಲ್ದಾತು. ತಪ್ಪು ಬಾರ್ಸಿ ನಾಚ್ಕಿ ಬಂದು ಬಿಟ್ರು."

"ನನಗ್ಯಾಕ ಹೇಳ್ಲಿಲ್ರಿ?"

"ನಿಮ್ಮಕ್ಕನ ವಿಷ್ಯ ನಿನಗಿಂತ ನಮಗ ಗೊತ್ತೇನಮ್ಮ?"

ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಅದಕ್ಕೇ ಇನ್ನೂ ನೋವಾಯಿತು. ಲ್ಯಾಬಿನಲ್ಲಿ ಹಳೆಯ ಮಾದರಿ ಇಟ್ಟುಕೊಂಡು ಇವತ್ತಿನ ಲಾರಿಯ ಅದಿರು ಇಂಥದ್ದು ಎಂದು ನಾನು ಸಹಿ ಹಾಕುವುದಿಲ್ಲ. ಅಕ್ಕನ ವಿಷಯದಲ್ಲಿ ಮಾತ್ರ ಮಂಚದ ಕೆಳಗಿನ ಆ ಹುಡುಗಿಯನ್ನೇ ಇಷ್ಟು ವರ್ಷ ಎಲ್ಲರಿಗೂ ತೋರಿಸುತ್ತ ಬಂದಿದ್ದೆ. ನನ್ನ ಒಂದು ಮಾತಿಗೆ ಎಲ್ಲರೂ ಹೊಂದಿಕೊಂಡಿದ್ದರು. ಯಾರನ್ನೂ ಹೊರಗಿಡದ ಗುಂಪಿನಿಂದ ಒಬ್ಬರು ಹೊರಗೆ ಹೋಗಿದ್ದರು, ಅದೂ ಅಕ್ಕನ ಹೆಸರಿನಲ್ಲಿ.

ಚಹಾ ಹಂಚುತ್ತಿದ್ದರು. ಡೋಲಕ್ಕಿನವರು ಗೋಡೆಗೆ ಒರಗಿ ಕುಳಿತಿದ್ದರು. ನಾನು ಎದುರು ಕುಳಿತು, ಅಣ್ಣ, ನನ್ನಿಂದ ತಪ್ಪಾಯಿತು ಎಂದೆ. ಅವರು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು.

"ಏನು ತಂಗಿ? ಜೋರು ಹೇಳು."

ಇನ್ನಷ್ಟು ಜೋರಾಗಿ ಹೇಳಿದೆ. ಅವರು ತಲೆ ಅಲ್ಲಾಡಿಸಿ, ಚಹಾ ಆಗಲೇ ಕುಡಿದೆ ಎಂದರು. ಮನೆಯಲ್ಲಿ ಕೂಡ ನಾನು ದನಿ ಎತ್ತಿ ಮಾತಾಡುವವಳಲ್ಲ. ನನ್ನ ಒಳಗಿನದನ್ನು ಯಾರಿಗೂ ಕಾಣಗೊಡದೆ ಬದುಕುವುದನ್ನು ಕಷ್ಟಪಟ್ಟು ಕಲಿತವಳು. ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತು. ಅವರಿಗೆ ಓದು ಬರುತ್ತದೋ ಇಲ್ಲವೋ ತಿಳಿಯದೆ ಅದೂ ಆಗಲಿಲ್ಲ. ಕೊನೆಗೆ ಅವರ ಕಿವಿಗೆ ಬಾಯಿ ಹಚ್ಚಿ ಕೂಗಿದೆ.

"ತಪ್ಪು ನಂದ್ರಿ! ಟವೆಲ್ ನಾನ ಹಾಕ್ಸಿದ್ದು! ಅಕ್ಕ ಬ್ಯಾಡ ಅಂದಿರ್ಲಿಲ್ಲ!"

ಹಾರ್ಮೋನಿಯಂ ಹಿರಿಯರು ನಾವಿದ್ದ ಕಡೆಗೆ ಮುಖ ತಿರುಗಿಸಿ, "ಹೊಳಿ ಆಚಿಗೂ ಕೇಳಿಸ್ತು ನೋಡವಾ, ಇವಗ ಕೇಳಿಸ್ತೋ ಇಲ್ಲೋ ಗೊತ್ತಿಲ್ಲ," ಎಂದರು. ಎಲ್ಲರೂ ನಕ್ಕರು.

ಡೋಲಕ್ಕಿನವರು ನಗಲಿಲ್ಲ. "ಕೈ ಹೋತು ಅಂದ್ಕೊಂಡಿದ್ದೆ ತಂಗಿ. ಕಿವಿ ಹೋತು, ಈಗ ಕೈನೂ ಹೋತು ಅಂತ ಮನ್ಯಾಗ ಕುಂತಿದ್ದೆ. ಈ ಮಂಡಳಿಯವರು ಬಂದು ಎಳಕೊಂಡು ಬಂದ್ರು."

ಮತ್ತೆ ಹೊಸಪೇಟೆಗೆ ಬರುತ್ತೀರಾ ಎಂದು ಕೂಗಿ ಕೇಳಿದೆ. ನೋಡೋಣ ಎಂದರು.

ಅವರು ಬಂದದ್ದು ಸುಮಾರು ಒಂದು ತಿಂಗಳು ಕಳೆದ ಮೇಲೆ. ಡೋಲಕ್ಕಿನ ಮೇಲೆ ಏನೂ ಸುತ್ತಲಿಲ್ಲ. ಟೀಚರಮ್ಮ ನನ್ನನ್ನೂ ಒಳಗೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಕ ತಾನಾಗಿಯೇ ಹೋಗಿ ಡೋಲಕ್ಕಿನವರ ಪಕ್ಕದಲ್ಲಿ ಕುಳಿತಳು. ಸಣ್ಣ ಕೋಣೆ, ಸದ್ದು ಗೋಡೆಗೆ ಬಡಿದು ಎರಡರಷ್ಟಾಗುತ್ತಿತ್ತು. ಹಾರ್ಮೋನಿಯಂ ಹಿರಿಯರು, ನನ್ನ ಸ್ವರ ನನಗೇ ಕೇಳುವುದಿಲ್ಲ ಎಂದು ಗೊಣಗಿ ಕಿಟಕಿಯ ಕಡೆಗೆ ಸರಿದು ಕುಳಿತರು. ಒಂದೆರಡು ಹಾಡು ಆಗಿರಬೇಕು, ಅಕ್ಕ ಎದ್ದಳು. ಯಾರನ್ನೂ ನೋಡದೆ ಹೊರಗೆ ಹೋದಳು.

ಡೋಲಕ್ಕಿನವರ ಕೈ ನಿಂತಿತು. ಟೀಚರಮ್ಮ ನನ್ನ ಕಡೆ ನೋಡಿದರು. ನನ್ನೊಳಗೆ ಆಗ ಎದ್ದದ್ದು ಕಾಳಜಿಯಲ್ಲ. ನೋಡಿದಿರಾ, ನಾನು ಹೇಳಿದ್ದೇ ಸರಿಯಿತ್ತಲ್ಲ ಎಂಬ ಸಮಾಧಾನ. ಅಕ್ಕ ಹೆದರಿದ್ದರೆ ನಾನು ತಪ್ಪಿತಸ್ಥೆ ಅಲ್ಲ. ಅವಳು ಹೆದರಿರಲಿ ಎಂದು ಒಂದು ಕ್ಷಣ ಬಯಸಿದೆ. ಅವಳಿಗೆ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ ಕೂಡ. ಆದರೆ ಹೇಳಲಿಲ್ಲ. ಗೊತ್ತಿಲ್ರಿ, ಕಾಯೋಣ ಎಂದೆ.

ಕಾದೆವು. ಅಂಗಳದಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದಳು, ಕುಳಿತಳು, ಒದ್ದೆ ಕೈಯನ್ನು ಸೀರೆಗೆ ಒರೆಸಿ ಡೋಲಕ್ಕಿನ ಮೇಲೆ ಇಟ್ಟಳು. ಇನ್ನೂ ಯಾರೂ ಶುರು ಮಾಡದ್ದನ್ನು ನೋಡಿ ಡೋಲಕ್ಕಿನವರ ಮೊಣಕೈಯನ್ನು ತಟ್ಟಿದಳು.

"ಬಾರ್ಸು," ಎಂದಳು.