ಉಸ್ತಾದರ ಕಿವಿ

ನಮ್ಮ ಉಸ್ತಾದರ ಎದೆಯ ಮೇಲೆ ಮೂರು ಕಾಲಿನ ಪಿನ್ನೊಂದು ನೇತಾಡುತ್ತಿತ್ತು. ಮಂದಿ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುತ್ತಾರೆ, ತಾಯತ ಕಟ್ಟಿಕೊಳ್ಳುತ್ತಾರೆ, ಹೊಸದಾಗಿ ಮದುವೆಯಾದವರು ಅತ್ತೆಮನೆಯ ಚೈನು ಕಾಣಲೆಂದು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ತಿರುಗುತ್ತಾರೆ. ಇವರದು ಕಪ್ಪು ವೈರು, ಅದರ ತುದಿಗೆ ಹಿತ್ತಾಳೆ ಹಲ್ಲಿನ ಪಿನ್ನು. ಕಬ್ಬಿಣ ಕತ್ತರಿಸುವ ಕೈ ಗ್ರೈಂಡರಿನ ಡಿಸ್ಕ್ ಬದಲಿಸುವಾಗಲೆಲ್ಲ ಬೋರ್ಡಿನಿಂದ ಪಿನ್ನು ಕಿತ್ತು, ವೈರನ್ನು ಮಾಲೆಯಂತೆ ಕೊರಳಿಗೆ ಹಾಕಿಕೊಂಡು, ಪಿನ್ನು ಎದೆಗೆ ತಾಗಿದ ಮೇಲೆಯೇ ನಟ್ಟು ಬಿಚ್ಚುವ ಪಾನಾಕ್ಕೆ ಕೈ ಹಾಕುತ್ತಿದ್ದರು. ನಾನು ಅಂಗಡಿ ಸೇರಿದ ದಿನವೇ ಕೇಳಿದ್ದೆ: “ಏನ್ರಿ ಉಸ್ತಾದ, ದೀಕ್ಷಾ ತಗೊಂಡೀರೇನು?”

ಅವರು ನಗಲಿಲ್ಲ. “ಹೂಂ. ನಿನಗೂ ಕೊಡ್ತೀನಿ, ಬಾ” ಎಂದು ಇನ್ನೊಂದು ಗ್ರೈಂಡರಿನ ವೈರನ್ನು ನನ್ನ ಕೊರಳಿಗೂ ಹಾಕಿದರು. ಗೇಟು ನೋಡಲು ಬಂದಿದ್ದ ಗಿರಾಕಿಯೊಬ್ಬ ಸಂತೆಗೆ ತಂದ ಹೋರಿಯನ್ನು ನೋಡುವಂತೆ ನನ್ನನ್ನು ನೋಡಿದ. ಹಲ್ಲು ಎಣಿಸಲಿಲ್ಲ, ಅಷ್ಟೇ ಪುಣ್ಯ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಮೇಲೆ ನಮ್ಮ ಗೇಟು, ಗ್ರಿಲ್ಲಿನ ಅಂಗಡಿ. ಅಂಗಡಿಗೆ ಮಾಲೀಕರು ಒಬ್ಬರು, ಕೆಲಸಕ್ಕೆ ಉಸ್ತಾದರು ಒಬ್ಬರು, ಅವರ ಕೈಕೆಳಗೆ ನಾವಿಬ್ಬರು. ಒಬ್ಬ ಮುದಗಲ್ಲಿನವನು, ಸಿಂಧನೂರಿನ ಹೆಣ್ಣು ಮಾಡಿಕೊಂಡು ಇಲ್ಲೇ ಉಳಿದುಬಿಟ್ಟವನು. ಆದ್ದರಿಂದ ಇಡೀ ರಸ್ತೆಗೆ ಅವನು ಅಳಿಯ. ಇನ್ನೊಬ್ಬ ನಾನು. ನನಗೆ ಬರುವ ಕೆಲಸ ಒಂದೇ, ಇನ್ನೊಬ್ಬರ ದನಿ ಕದಿಯುವುದು. ಬಸ್‌ಸ್ಟ್ಯಾಂಡಿನ ಕಂಡಕ್ಟರು, ಭತ್ತದ ದಲಾಲಿ, ಫೋನಿನಲ್ಲಿ ಹೆಂಡತಿಯೊಂದಿಗೆ ಮಾತಾಡುವ ಮಾಲೀಕರು, ಹಾಗೆಯೇ ತೆಳು ಪೈಪಿನ ಮೇಲೆ ಕಿರುಚುವ ಗ್ರೈಂಡರು, ಎಲ್ಲವೂ ನನ್ನ ಬಾಯಲ್ಲಿ ಬಾಡಿಗೆಗೆ ಇದ್ದವು. ಸ್ವಂತ ದನಿ ಯಾವುದೆಂದು ನನಗೇ ಖಾತ್ರಿಯಿಲ್ಲ. ವೆಲ್ಡಿಂಗ್ ಮಾತ್ರ ಇವತ್ತಿಗೂ ಕೋಳಿ ಕೆದರಿದ ಹಾಗೆ ಮಾಡುತ್ತೇನೆ.

ಉಸ್ತಾದರ ದನಿ ಕದಿಯುವುದು ಬಲು ಸುಲಭವಿತ್ತು. ದಿನವಿಡೀ ಅವರ ಬಾಯಲ್ಲಿ ಒಂದೇ ಪ್ರಶ್ನೆ: “ಪಿನ್ ಎಲ್ಲೈತಿ?” ಚಹಾ ಕುಡಿಯುವವನಿಗೂ ಅದೇ, ಬೀಡಿ ಹಚ್ಚುವವನಿಗೂ ಅದೇ. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಇಲ್ಲಿ ಕರೆಂಟು ಹೋದರೆ ಯಾರೂ ಸ್ವಿಚ್ಚು ಬಂದ್ ಮಾಡುವುದಿಲ್ಲ. ಕರೆಂಟು ಬಂದದ್ದು “ಗೊತ್ತಾಗ್ಲಿ ಅಂತ” ಬಿಟ್ಟಿರುತ್ತಾರೆ. ಮನೆಯಲ್ಲಿ ಫ್ಯಾನು ಗೊತ್ತಾಗ್ಲಿ ಅಂತ, ಹೊಲದಲ್ಲಿ ಪಂಪು ಗೊತ್ತಾಗ್ಲಿ ಅಂತ, ದರ್ಜಿಯ ಅಂಗಡಿಯಲ್ಲಿ ರೇಡಿಯೋ ಗೊತ್ತಾಗ್ಲಿ ಅಂತ. ಕರೆಂಟು ಬಂದ ಕೂಡಲೇ ಎಲ್ಲವೂ ಒಮ್ಮೆಲೇ ಎದ್ದು ಕೂಗುತ್ತವೆ, ಮಂದಿ ಖುಷಿಯಿಂದ ಕೆಲಸಕ್ಕೆ ಏಳುತ್ತಾರೆ. ಗ್ರೈಂಡರಿಗೂ ಇದೇ ರೂಢಿ. ಅದರ ಬಗಲಿನ ಗುಂಡಿ ಒತ್ತಿದರೆ ಸ್ವಿಚ್ಚು ಚಾಲೂ ಇದ್ದಲ್ಲೇ ಲಾಕ್ ಆಗುತ್ತದೆ. ಕರೆಂಟು ಹೋದಾಗ ಹಾಗೇ ನೆಲಕ್ಕಿಟ್ಟು ಊಟಕ್ಕೆ ಕೂಡುವವರು ಬೇಕಾದಷ್ಟು ಮಂದಿ.

ಲಿಂಗಸುಗೂರಿನಲ್ಲಿ ಉಸ್ತಾದರು ಕೆಲಸ ಕಲಿಯುತ್ತಿದ್ದಾಗ ಹಾಗೆ ಊಟಕ್ಕೆ ಕೂತವರಲ್ಲಿ ಅವರ ಜೋಡಿಯ ಗೆಳೆಯನೊಬ್ಬನಿದ್ದ. ಕರೆಂಟು ಬಂತು. ನೆಲದ ಮೇಲಿದ್ದ ಗ್ರೈಂಡರು ಹೆಗ್ಗಣದಂತೆ ಎಗರಿ ಓಡಿಬಂದು ಅವನ ತೊಡೆ ಹಿಡಿಯಿತು. ಉಸ್ತಾದರು ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅದೂ ಅರ್ಧ. “ದವಾಖಾನಿ ತನಕ ರಕ್ತ ಉಳೀಲಿಲ್ಲ” ಎಂದರು.

ಅಂದಿನಿಂದ ಅವರು ಯಂತ್ರವನ್ನು ನಂಬಲಿಲ್ಲ. ಡಿಸ್ಕಿನ ಮೇಲಿನ ಕವಚಕ್ಕೆ ಅವರು ಟೋಪಿ ಎನ್ನುತ್ತಿದ್ದರು. ಕೈಗೆ ಅಡ್ಡ ಬರುತ್ತದೆಂದು ಊರ ತುಂಬ ಅದನ್ನು ಬಿಚ್ಚಿ ಬಿಸಾಡುತ್ತಾರೆ. ನಮ್ಮಲ್ಲಿ ಟೋಪಿ ಬಿಚ್ಚಿದವನಿಗೆ ಆ ದಿನ ಕೆಲಸವಿಲ್ಲ. ಹೆಗಲ ಮೇಲಿನ ಸೆಲ್ಲೆ ಗೂಟಕ್ಕೆ, ಲುಂಗಿ ಮನೆಗೆ. ಕಣ್ಣಿಗೆ ಕನ್ನಡಕ, ಹಿಡಿಕೆಗೆ ಎರಡೂ ಕೈ, ನಿಲ್ಲುವುದು ಡಿಸ್ಕಿನ ಬಗಲಿಗೆ, ಎದುರಿಗಲ್ಲ. ತಿರುಗುವುದು ಪೂರ್ತಿ ನಿಲ್ಲುವ ಮೊದಲೇ ಯಂತ್ರ ಕೆಳಗಿಟ್ಟರೆ ಕೂಗುತ್ತಿದ್ದರು: “ಲೇ, ಅದರ ಉಸಿರು ಇನ್ನೂ ಹೋಗಿಲ್ಲ. ಜೀವಂತ ಇದ್ದಾಗನ ಮಣ್ಣು ಮಾಡ್ತಿಯೇನು?” ಇದನ್ನೆಲ್ಲ ನಾನು ಅವರ ಬೆನ್ನ ಹಿಂದೆ ಅವರದೇ ದನಿಯಲ್ಲಿ ಹೇಳುತ್ತಿದ್ದೆ. ಅವರು ತಿರುಗಿ ನೋಡುವುದರೊಳಗೆ ಚಪ್ಪಲಿ ಬರುತ್ತಿತ್ತು. ಗುರಿ ತಪ್ಪುತ್ತಿರಲಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ಚಪ್ಪಲಿ ಬರುವುದು ನಿಂತಿತು.

ಮೊದಲು ನನ್ನ ಕಲೆ ಕೆಟ್ಟಿತೆಂದುಕೊಂಡೆ. ಇನ್ನೂ ಹತ್ತಿರ ಹೋಗಿ, ಇನ್ನೂ ಜೋರಾಗಿ “ಪಿನ್ ಎಲ್ಲೈತಿ?” ಎಂದೆ. ಅಳಿಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಉಸ್ತಾದರು ಮಾತ್ರ ಬೆನ್ನು ತಿರುಗಿಸಿ ಕೂತು ನಿಧಾನವಾಗಿ ಕಬ್ಬಿಣಕ್ಕೆ ಗೆರೆ ಎಳೆಯುತ್ತಿದ್ದರು. ನನ್ನ ನಗೆ ಅಲ್ಲಿಗೇ ಆರಿತು. ಅವರ ಕಿವಿ ಹೋಗುತ್ತಿತ್ತು. ಕೈಗೆ, ಕಣ್ಣಿಗೆ, ಯಂತ್ರದ ತಲೆಗೆ ಕಾವಲು ಹಾಕಿದ ಮನುಷ್ಯ ಜೀವಮಾನವೆಲ್ಲ ಆ ಕಿರುಚಾಟದ ಪಕ್ಕದಲ್ಲಿ ಬರಿ ಕಿವಿಯಲ್ಲಿ ಕೂತಿದ್ದರು. ಅದಕ್ಕೊಂದು ಟೋಪಿ ಬೇಕೆಂದು ಲಿಂಗಸುಗೂರಿನಲ್ಲಿ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನನಗೆ ತಿಳಿಯಿತೆಂಬುದು ಅವರಿಗೂ ತಿಳಿಯಿತು. ಚಹಾದಂಗಡಿಯ ಹಿಂದೆ ಕರೆದುಕೊಂಡು ಹೋಗಿ, ನನ್ನ ತುಟಿಯನ್ನೇ ನೋಡುತ್ತ ಹೇಳಿದರು:

“ಮಾಲೀಕಗ ಗೊತ್ತಾದ್ರ ಮನಿಗೆ ಕಳಸ್ತಾನ. ಇದು ಬಿಟ್ರ ನನಗ ಬ್ಯಾರೆ ಕೆಲಸ ಬರಂಗಿಲ್ಲ. ಬಾಯಿ ಮುಚ್ಚಿಕೊಂಡಿರು. ನಿನಗದು ಜರಾ ಕಷ್ಟ, ಖರೇ.”

“ಮುಚ್ಚತೀನ್ರಿ. ಆದ್ರ ಕರೆಂಟ್ ಬಂದಿದ್ದು ನಿಮಗ ಹೆಂಗ ಗೊತ್ತಾಗ್ತೈತಿ?”

“ನೀ ಅದಿಯಲ್ಲ. ಹೆಗಲು ಮುಟ್ಟು.”

ಹೀಗೆ ನಾನು ಅವರ ಕಿವಿಯ ನೌಕರಿಗೆ ಸೇರಿದೆ. ಹೆಗಲು ಮುಟ್ಟುವುದು, ಗಿರಾಕಿಯ ಮಾತನ್ನು ಎದುರು ನಿಂತು ಮತ್ತೊಮ್ಮೆ ಹೇಳುವುದು, ಮಾಲೀಕರು ಬೆನ್ನ ಹಿಂದಿನಿಂದ ಕರೆದರೆ ಕೆಮ್ಮುತ್ತ ಮುಂದೆ ಹೋಗಿ ನಿಲ್ಲುವುದು. ಅವರೂ ಒಂದು ಉಪಾಯ ಮಾಡಿಕೊಂಡಿದ್ದರು. ಕೇಳಿಸದ ಮಾತಿಗೆಲ್ಲ ಒಂದೇ ಜವಾಬು: “ಶಾಬಾಷ್.” ಕೆಲಸಗಾರ ಹೇಳುವ ಹೆಚ್ಚಿನ ಮಾತಿಗೆ ಅದು ಹೊಂದುತ್ತದೆ ಕೂಡ. ಗೇಟು ಮುಗೀತ್ರಿ, ಶಾಬಾಷ್. ಬಣ್ಣ ತಂದೀನ್ರಿ, ಶಾಬಾಷ್. ಒಮ್ಮೆ ಅಳಿಯ ಬಂದು, “ಉಸ್ತಾದ, ನಮ್ಮತ್ತಿ ಬಚ್ಚಲದಾಗ ಜಾರಿ ಬಿದ್ದಾಳ್ರಿ” ಎಂದ. “ಶಾಬಾಷ್” ಎಂದರು. ಅಳಿಯನಿಗೆ ಅಂಥ ಸಂತೋಷ ಮದುವೆಯಲ್ಲೂ ಆಗಿರಲಿಕ್ಕಿಲ್ಲ. ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದ. ನಾನೂ ನಕ್ಕೆ. ಆ ಮಾತಿನ ಅಡಿಯಲ್ಲಿ ಏನಿದೆಯೆಂದು ನನಗೊಬ್ಬನಿಗೇ ಗೊತ್ತಿತ್ತು.

ಮುಕ್ಕುಂದದ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಧೂಳು ಎಳೆಯುವ ತಗಡಿನ ಕೊಳವೆ ಕೂಡಿಸುವ ಕೆಲಸ ಬಂತು. ನಾನು ಏಣಿಯ ಮೇಲೆ ತಗಡು ಹಿಡಿದು ನಿಂತಿದ್ದೆ. ಕೆಳಗೆ ಅಳಿಯ ಗ್ರೈಂಡರಿನಿಂದ ಪಟ್ಟಿ ಕತ್ತರಿಸುತ್ತಿದ್ದ. ಬೋರ್ಡು ದೂರದ ಗೋಡೆಗಿದ್ದುದರಿಂದ ಪಿನ್ನು ಕೀಳುವ ಕೆಲಸವನ್ನು ಉಸ್ತಾದರು ಆ ದಿನ ಅವನಿಗೇ ವಹಿಸಿದ್ದರು. ಮಾಲೀಕರೂ ಅಲ್ಲೇ ನಿಂತು ನೋಡುತ್ತಿದ್ದರು. ಕರೆಂಟು ಹೋಯಿತು. ಅಳಿಯ ಲಾಕ್ ಮಾಡಿದ್ದ ಗ್ರೈಂಡರನ್ನು ಹಾಗೇ ಕೆಳಗಿಟ್ಟು ನೀರು ಕುಡಿಯಲು ಗಡಿಗೆಯ ಕಡೆ ನಡೆದ. ಡಿಸ್ಕು ಸವೆದದ್ದನ್ನು ಕಂಡ ಉಸ್ತಾದರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆ ಎತ್ತದೆ ಕೇಳಿದರು:

“ಪಿನ್ ಕಿತ್ತಿಯೇನು?”

ಅವರ ಬೆನ್ನ ಹಿಂದೆ ಗಡಿಗೆಗೆ ಬಗ್ಗಿದ್ದ ಅಳಿಯ, “ಇಲ್ರಿ, ಗೊತ್ತಾಗ್ಲಿ ಅಂತ ಬಿಟ್ಟೀನ್ರಿ” ಎಂದ.

“ಶಾಬಾಷ್” ಎಂದರು ಉಸ್ತಾದರು. ಗ್ರೈಂಡರನ್ನು ತೊಡೆಯ ಮೇಲೆ ತೆಗೆದುಕೊಂಡು, ಎಡಗೈಯಲ್ಲಿ ಡಿಸ್ಕು ಹಿಡಿದು, ಬಲಗೈಯಿಂದ ಪಾನಾ ಹಾಕಿದರು.

ಏಣಿಯ ಮೇಲಿದ್ದ ನನಗೆ ಎರಡೂ ಮಾತು ಕೇಳಿಸಿದವು. ಕೂಗಿದರೆ ಪ್ರಯೋಜನವಿಲ್ಲವೆಂದೂ ನನಗೊಬ್ಬನಿಗೇ ಗೊತ್ತು. ತಗಡು ಬಿಟ್ಟೆ, ಏಣಿಯಿಂದ ಬಿದ್ದೆನೋ ಜಿಗಿದೆನೋ, ಮೊಣಕಾಲು ಜಜ್ಜಿಕೊಂಡು ಬೋರ್ಡಿನ ಕಡೆಗೆ ಓಡಿ ಪಿನ್ನು ಕಿತ್ತೆ. ಅದನ್ನು ಹಿಡಿದುಕೊಂಡು ಒಂದು ಉಸಿರು ಬಿಡುವುದರೊಳಗೆ ಗಿರಣಿಯ ಬಲ್ಬುಗಳು ಹತ್ತಿದವು. ಎಲ್ಲೋ ದೊಡ್ಡ ಮೋಟಾರು ಗುಂಯ್ ಎಂದು ಎದ್ದಿತು.

ಉಸ್ತಾದರು ಬಲ್ಬು ನೋಡಿದರು. ತೊಡೆಯ ಮೇಲಿನ ಗ್ರೈಂಡರಿನ ಒತ್ತಿದ ಗುಂಡಿ ನೋಡಿದರು. ನನ್ನ ಕೈಯಲ್ಲಿನ ಪಿನ್ನು ನೋಡಿದರು. ಡಿಸ್ಕು ಹಿಡಿದಿದ್ದ ಎಡಗೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

ಅಳಿಯ ಅಳುವ ದನಿಯಲ್ಲಿ, “ನಾ ಹೇಳೀನ್ರಿ! ಕಿತ್ತಿಲ್ಲ ಅಂತ ಹೇಳೀನಿ! ಶಾಬಾಷ್ ಅಂದ್ರಲ್ರಿ!” ಎನ್ನುತ್ತಿದ್ದ.

ಮಾಲೀಕರು ಉಸ್ತಾದರ ಹಿಂದೆ ಬಂದು ನಿಂತು, ಮೆತ್ತಗೆ ಕೇಳಿದರು: “ಏನ್ರಿ, ಕಿವಿ ಕೇಳ್ಸಂಗಿಲ್ಲೇನು ನಿಮಗ?”

ಉಸ್ತಾದರು ತಿರುಗಲಿಲ್ಲ. ತಮ್ಮ ಎಡಗೈಯನ್ನೇ ನೋಡುತ್ತಿದ್ದರು. ಮಾಲೀಕರಿಗೆ ಬೇರೆ ಜವಾಬು ಬೇಕಾಗಲಿಲ್ಲ.

ಮತ್ತೆ ಆ ಗಳಿಗೆ ಬಂದರೂ ನಾನು ಪಿನ್ನೇ ಕೀಳುತ್ತೇನೆ. ಆದರೆ ಬೆರಳು ಉಳಿಸಿದ ಆ ಓಟವೇ ಅವರ ಗುಟ್ಟನ್ನೂ ಬಯಲು ಮಾಡಿತು. ಮಾಲೀಕರು ಕೆಟ್ಟವರಲ್ಲ. ಎದುರು ಕೂತು, ತುಟಿ ಕಾಣುವಂತೆ, “ನಾಳೆ ಏನಾರ ಆದ್ರ ನಿಮ್ಮ ಹೆಂಡ್ತಿಗೆ ನಾ ಏನ್ ಹೇಳ್ಲಿ? ಮಷೀನ್ ಇಲ್ಲದ ಜಾಗಾ ನೋಡೀನಿ” ಎಂದರು. ಅದೇ ಗಿರಣಿಯ ಅಂಗಳದಲ್ಲಿ ಹರಿದ ಗೋಣಿಚೀಲ ಆರಿಸಿ ಹೊಲಿಯುವ ಕೆಲಸ. ಉಸ್ತಾದರು ಆ ಮಾತಿಗೂ ಶಾಬಾಷ್ ಎಂದರು. ಅದು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿತ್ತು.

ಚೀಲದ ಕೆಲಸಕ್ಕೆ ಹೋಗುವ ಮುನ್ನ ಅಂಗಡಿಗೆ ಬಂದರು. ರಾಯಚೂರಿನಿಂದ ತಂದ ಪೊಟ್ಟಣವನ್ನು ನನ್ನ ಎದೆಗೆ ಒತ್ತಿದರು. ಒಳಗೆ ಕಿವಿಯ ಮೇಲೆ ಕೂಡುವ ಎರಡು ದಪ್ಪ ಬಟ್ಟಲು, ನಡುವೆ ಪಟ್ಟಿ.

“ಇದೇನ್ರಿ ಉಸ್ತಾದ, ಡಿಜೆ ಕೆಲಸಕ್ಕ ಸೇರ್ಲ್ಯಾ?”

ತುಟಿ ಓದಿದರು. ಬಹಳ ದಿನದ ಮೇಲೆ ಕಾಲಿನ ಕಡೆಗೆ ಅವರ ಕೈ ಹೋಯಿತು. ಚಪ್ಪಲಿ ಮಾತ್ರ ಬರಲಿಲ್ಲ. “ಕೈ ಹೋದ್ರ ರಕ್ತ ಬರ್ತೈತಿ, ನಾಕ ಮಂದಿ ಓಡಿ ಬರ್ತಾರ. ಕಿವಿ ಹೋಗೂದು ಯಾರಿಗೂ ಕಾಣಂಗಿಲ್ಲ ಮಗನ. ಹೋಗೋ ಕಿವಿಗೂ ಗೊತ್ತಾಗಂಗಿಲ್ಲ” ಎಂದರು. ಆಮೇಲೆ ನನ್ನ ಗದ್ದ ಹಿಡಿದು, “ನಿನ್ನ ಬಾಯಿ ಭಾಳ ಶಾಣ್ಯಾ ಅನ್ಕೊಂಡೀದಿ. ಬಾಯಿ ಬರೇ ಹಮಾಲಿ ಮಾಡ್ತೈತಿ. ಮಾಲು ತುಂಬಿ ಕೊಡೂದು ಕಿವಿ” ಎಂದರು.

ಆವತ್ತೇ ಕಿವಿಗೆ ಹಾಕಿಕೊಂಡೆ.

ಭತ್ತದ ಸುಗ್ಗಿ ಬಂತು. ಗಿರಣಿಯ ಅಂಗಳದಲ್ಲಿ ಲಾರಿ ಮೇಲೆ ಲಾರಿ. ಒಂದು ಮಧ್ಯಾಹ್ನ ಅಲ್ಲಿಂದ ಫೋನು ಬಂತು. ನಾವು ಹೋಗುವಷ್ಟರಲ್ಲಿ ಅವರ ಮೇಲೆ ಗೋಣಿಚೀಲ ಹೊದಿಸಿದ್ದರು, ಅವರೇ ಹೊಲಿದ ಚೀಲವೋ ಏನೋ. ಲೋಡು ಇಳಿಸಲು ಲಾರಿ ಹಿಂದಕ್ಕೆ ಬರುತ್ತಿತ್ತು. ಚೀಲದ ಕಂತೆ ಹೊತ್ತ ಉಸ್ತಾದರು ಅದಕ್ಕೆ ಬೆನ್ನು ಕೊಟ್ಟು ನಡೆಯುತ್ತಿದ್ದರು. ಡ್ರೈವರು ನೆಲದ ಮೇಲೆ ಕೂತು, ಬಂದಬಂದವರ ಕಾಲು ಹಿಡಿದು, “ಹಾರ್ನ್ ಹೊಡದೀನ್ರಿ. ದೇವರಾಣಿ, ಹೊಡಕೋಂತನ ಬಂದೀನ್ರಿ. ಎಲ್ಲಾರೂ ಸರದ್ರು, ಅವರೊಬ್ಬರು ಸರೀಲಿಲ್ರಿ” ಎನ್ನುತ್ತಿದ್ದ. ಹಾರ್ನು ಕೇಳಿದ ಹಮಾಲರು ಹೌದೆಂದು ತಲೆಯಾಡಿಸಿದರು. ಮಾಲೀಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಯಂತ್ರವಿಲ್ಲದ ಜಾಗ ಎಂದಿದ್ದರಲ್ಲ, ಆ ಮಾತು ಅವರ ಬಾಯಿಯ ಸುತ್ತಲೇ ಸುಳಿದಂತೆ ತುಟಿ ಅಲ್ಲಾಡುತ್ತಿತ್ತು. ಅಳಿಯ ಅಂಗಳದ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಮಣ್ಣು ಮಾಡಿ ಬಂದ ಮೇಲೆ ಜನ ಒಂದು ಮಾತು ಆಡಿದರು, ಹಣೆಬರಹ ಅಂತ. ನಾನು ಮೊದಲ ಸಲ ಯಾರನ್ನೂ ಅಣಕಿಸದೆ, ನನ್ನದೇ ಎನ್ನಬಹುದಾದ ಯಾವುದೋ ದನಿಯಲ್ಲಿ, “ಹಣೆಬರಹ ಅಲ್ಲ, ಗ್ರೈಂಡರ್” ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಗ್ರೈಂಡರು ಕೊಂದರೆ ಅಲ್ಲೇ, ಆಗಲೇ ಕೊಲ್ಲುತ್ತದೆಂದು ಎಲ್ಲರ ತಿಳುವಳಿಕೆ. ಇಪ್ಪತ್ತಾರು ಚಳಿಗಾಲ ಬೇಸಿಗೆ ದಿನದಿನಕ್ಕೆ ಒಂದಿಷ್ಟು ಕೊಂದು, ಕೊನೆಗೆ ಲಾರಿಯ ಕೈಗೆ ಕೊಡುತ್ತದೆಂದು ಹೇಳಿದರೆ ನಂಬುವುದು ಯಾರು?

ಈಗ ಅಂಗಡಿಯ ಕಟ್ಟಿಂಗ್ ಕೆಲಸ ನನ್ನದು. ಬಟ್ಟಲು ಹಾಕಿಕೊಂಡೊಡನೆ ಮಸ್ಕಿ ರೋಡು ಮುಚ್ಚಿಹೋಗುತ್ತದೆ. ಬೆನ್ನ ಹಿಂದೆ ಅಳಿಯ ನನ್ನನ್ನೇ ಅಣಕಿಸುತ್ತಾನಂತೆ, ನನಗೆ ತಿಳಿಯುವುದಿಲ್ಲ. ಆಗಾಗ ಕೆಲಸ ನಿಲ್ಲಿಸಿ ತಿರುಗಿ ತಿರುಗಿ ನೋಡುತ್ತೇನೆ, ಯಾರು ಬಂದರು, ಯಾವ ಗಾಡಿ ಹಿಂದಕ್ಕೆ ಸರಿಯುತ್ತಿದೆ ಎಂದು. ಆ ಅಂಜಿಕೆಯೊಳಗೆ ಉಸ್ತಾದರು ವರ್ಷಗಟ್ಟಲೆ ಒಬ್ಬರೇ ಕೂತಿದ್ದರೆಂದು ಕುತ್ತಿಗೆಯ ನೋವು ಹೇಳುತ್ತದೆ. ಸಂಜೆ ಬಟ್ಟಲು ತೆಗೆದು ಗೂಟಕ್ಕೆ ಹಾಕುತ್ತೇನೆ. ಆಟೋದವರ ಬೈಗುಳ, ಮಕ್ಕಳ ಅಳು, ಲಾರಿಗಳ ಹಾರ್ನು, ಇಡೀ ಸಿಂಧನೂರು ಒಮ್ಮೆಲೇ ಮೈಮೇಲೆ ಬೀಳುತ್ತದೆ. ಅವರಿಗೆ ತೆಗೆದು ಗೂಟಕ್ಕೆ ಹಾಕಲು ಏನೂ ಇರಲಿಲ್ಲ.