ಇಪ್ಪತ್ನಾಲ್ಕನೆಯ ಫೇಡರ್

ಮುನಾಫನಷ್ಟು ಬೈಗುಳ ನನ್ನ ಬಾಯಿಂದ ತಿಂದವರು ಇನ್ನೊಬ್ಬರಿಲ್ಲ. ತಿಂದ, ಹಲ್ಲು ಕಿಸಿದ, ಮತ್ತೆ ತನ್ನದನ್ನೇ ಮಾಡಿದ. ಅದೂ ಯಾತಕ್ಕೆ? ನಮ್ಮ ಹಿರಿಯ ನಟಿ ಲಕ್ಕವ್ವನ ಪಾತ್ರ ಉಳಿಸುವುದಕ್ಕೆ! ಇದು ನಮ್ಮ ನಾಟಕ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು, ನಿರ್ದೇಶಕನಾದ ನನ್ನೊಬ್ಬನನ್ನು ಬಿಟ್ಟು.

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ ಮುನಾಫ ಪಂಪಿನ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ನಾಟಕವಿದ್ದ ದಿನ ಅಂಗಡಿಗೆ ಬೀಗ. ಅವನಪ್ಪ ಫಕ್ರುದ್ದೀನ ಉಪ್ಪುನೀರಿನ ಮಡಕೆಯಲ್ಲಿ ತಂತಿ ಇಳಿಸಿ ದೀಪ ಮಂದ ಮಾಡುತ್ತಿದ್ದ ಕಾಲದವರು. ಮಗ ಕೊಲ್ಹಾಪುರದಿಂದ ಸೆಕೆಂಡ್‌ಹ್ಯಾಂಡ್ ಲೈಟಿಂಗ್ ಬೋರ್ಡ್ ತಂದಿದ್ದಾನೆ. ಅದನ್ನು ಪ್ಯಾಚ್ ಮಾಡುವಾಗ ಅವನ ಗತ್ತು ನೋಡಬೇಕು. ಪ್ರತಿ ದೀಪಕ್ಕೂ ಒಂದು ನಂಬರ್ ಕೊಡಬೇಕು, ಯಾವ ನಂಬರಿನ ದೀಪ ಯಾವ ಫೇಡರಿಗೆ, ಅಂದರೆ ಬೆಳಕು ಏರಿಸಿ ಇಳಿಸುವ ಯಾವ ಹಿಡಿಗೆ, ಎಂದು ಬೋರ್ಡಿಗೆ ತಿಳಿಸಬೇಕು. ತಿಳಿಸದಿದ್ದರೆ ಮೇಲೆ ಎಷ್ಟು ದೀಪ ತೂಗಿದರೂ ಬೋರ್ಡಿಗೆ ಒಂದರ ಗುರುತೂ ಇಲ್ಲ. ಫೇಡರುಗಳ ಕೆಳಗೆ ಬಿಳಿ ಪಟ್ಟಿ ಅಂಟಿಸಿ ‘ಬಾವಿ’, ‘ತೊಟ್ಟಿಲು’, ‘ಬೆಳದಿಂಗಳು’ ಎಂದು ಬರೆಯುತ್ತಾನೆ. ಇಪ್ಪತ್ನಾಲ್ಕನೆಯದರ ಕೆಳಗೆ ಮಾತ್ರ ಏನೂ ಬರೆದಿರಲಿಲ್ಲ.

ಲಕ್ಕವ್ವನಿಗೆ ಅರವತ್ತೆರಡು. ಅವಳು ಬಾಯಿ ತೆರೆದರೆ ಹಿಂದಿನ ಬೆಂಚಿನವರೂ ಕುತ್ತಿಗೆ ಚಾಚುತ್ತಾರೆ. ಎರಡು ವರ್ಷದಿಂದ ಅವಳಿಗೆ ಇರುಳುಗಣ್ಣು. ಬೆಳಕಿದ್ದರೆ ಸೂಜಿಗೆ ದಾರ ಪೋಣಿಸುತ್ತಾಳೆ, ದೀಪ ಆರಿದರೆ ತನ್ನ ಕೈ ತನಗೇ ಕಾಣದು. ಅದನ್ನು ನನಗೆ ಹೇಳಲು ಅವಳಿಗೆ ಹೆದರಿಕೆ. ಹೆದರಿಕೆಯೇನು ಸುಳ್ಳಲ್ಲ, ಹೋದ ವರ್ಷ ಮಂಡಿನೋವೆಂದ ಜ್ಞಾನದೇವನನ್ನು ಒಂದೇ ಮಾತಿಗೆ ಪಾತ್ರದಿಂದ ತೆಗೆದವನು ನಾನೇ. “ಅವನ ಗತಿ ನನಗೂ ಬರತೈತಿ” ಎಂದು ಮುನಾಫನ ಮುಂದೆ ಅತ್ತಳಂತೆ. ನಾಟಕದಲ್ಲಿ ಅವಳು ಪೂರ್ತಿ ಕತ್ತಲಲ್ಲಿ ಎಂಟು ಹೆಜ್ಜೆ ನಡೆದು ಬಾವಿಕಟ್ಟೆಯ ಮೇಲೆ ಕೂಡಬೇಕು. ಮುನಾಫ ಕಟ್ಟೆಯ ಬುಡಕ್ಕೆ ಬೆರಳುದ್ದದ ಕೆಂಪು ದೀಪ ಕಟ್ಟಿ, ಎಲ್ಲ ದೀಪ ಒಟ್ಟಿಗೆ ಆರಿಸುವ ಮಾಸ್ಟರ್ ಫೇಡರ್ ಇಳಿಸಿದರೂ ಅದೊಂದು ಆರದ ಹಾಗೆ ಇಪ್ಪತ್ನಾಲ್ಕಕ್ಕೆ ಪ್ಯಾಚ್ ಮಾಡಿದ.

ನಾನೇನು ಸುಮ್ಮನಿರುವ ಆಸಾಮಿಯೇ? ತಾಲೀಮಿನಲ್ಲಿ ಕತ್ತಲಾದಾಗಲೆಲ್ಲ ಆ ಕೆಂಪು ಚುಕ್ಕೆ ನನ್ನ ಕಣ್ಣು ಚುಚ್ಚುತ್ತಿತ್ತು.

“ಲೇ ಮುನಾಫ, ಅದ್ಯಾಕ ಆರವಲ್ದು?”

“ಹಳೇ ವೈರ್ ಐತ್ರಿ ಸರ. ಕರೆಂಟ್ ಸೋರತೈತಿ.”

“ಸೋರಾಕ ಅದೇನ್ ನಳಾನ? ನಾಳಿ ಆರಲಿಲ್ಲಂದ್ರ ನಿನಗ ರಜಾ!”

ಹತ್ತು ದಿನ ಇದೇ ಜಗಳ. ಕೈಗುಣಕ್ಕೆ ಹೆಸರಾದ ಮನುಷ್ಯ, ಎಲ್ಲರ ಮುಂದೆ ಕೆಲಸ ಬಾರದವನೆನಿಸಿಕೊಂಡು ತಲೆ ಕೆರೆಯುತ್ತ ನಿಲ್ಲುತ್ತಿದ್ದ.

ರಾಯಬಾಗದಲ್ಲಿ ನಾಟಕ ಸ್ಪರ್ಧೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ನಾನು ಕೂತೆ, ಎದ್ದೆ, ಡ್ರೈವರನಿಗೆ ಬೈದೆ, ಮತ್ತೆ ಕೂತೆ. ಸಭಾಂಗಣ ಮುಟ್ಟಿದಾಗ ಎರಡೇ ತಾಸು ಉಳಿದಿತ್ತು. ಮುನಾಫ ಏಣಿ ಹತ್ತಿ ದೀಪ ಕಟ್ಟುತ್ತಿದ್ದಾಗ, ನಿಪ್ಪಾಣಿಯಿಂದ ಕರೆಸಿದ್ದ ಅಜರುದ್ದೀನನೆಂಬ ಲೈಟಿನವನನ್ನು ಬೋರ್ಡಿನ ಮುಂದೆ ಕೂರಿಸಿದೆ. ಅವನಿಗೆ ಒಂದು ನಿಮಿಷ ಸಾಕಾಯಿತು.

“ಇದರಾಗ ಬಿಘಾಡ ಏನೂ ಇಲ್ರಿ ಸರ. ಬೇಕಂತ ಮಾಡ್ಯಾರ.”

ಅಬ್ಬಾ, ನನ್ನ ನೆತ್ತಿ ಕಾದು ಹೋಯಿತು! “ತಗದ್ ಒಗಿ” ಎಂದೆ. ಮುನಾಫ ಏಣಿಯಿಂದ ದಡದಡ ಇಳಿದು ಬಂದ.

“ಸರ, ಕಾಲ್ ಬೀಳ್ತೀನಿ, ಅದೊಂದ್ ಬಿಡ್ರಿ.”

“ಯಾಕಂತ ಹೇಳು, ಬಿಡ್ತೀನಿ.”

ಅವನು ರಂಗದ ಪಕ್ಕದ ವಿಂಗಿನ ಕಡೆ ನೋಡಿದ. ಅಲ್ಲಿ ಲಕ್ಕವ್ವ ತಾಮ್ರದ ಕೊಡ ಹಿಡಿದು ತನ್ನ ಪ್ರವೇಶಕ್ಕೆ ಕಾಯುತ್ತಿದ್ದಳು.

“ಹಳೇ ವೈರ್ ರಿ” ಎಂದ.

ಅಜರುದ್ದೀನ ಆ ಪ್ಯಾಚ್ ತೆಗೆದ ಮೇಲೆ, ಕತ್ತಲ ದೃಶ್ಯವನ್ನು ಒಮ್ಮೆ ಆಡಿಸಿ ನೋಡಲೆಂದು ನಾನೇ ಮಾಸ್ಟರ್ ಇಳಿಸಿದೆ. ಕಗ್ಗತ್ತಲಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲು ಈಗ ನಾಚಿಕೆ. ಹಲಗೆಯ ಮೇಲೆ ಒಂದು ಹೆಜ್ಜೆ ಕೇಳಿತು, ಇನ್ನೊಂದು. ಆಮೇಲೆ ಕಾಲು ತಡಕಾಡುವ ಸದ್ದು.

“ಮುನಾಫಾ, ದೀಪ ಎಲ್ಲೈತೋ ತಮ್ಮಾ?”

ಕೊಡ ಬಿದ್ದು ಉರುಳಿತು. “ಮಾವಶಿ, ಅಲ್ಲೇ ನಿಂದರು!” ಎಂದು ಮುನಾಫ ಕಿರುಚಿ, ನನ್ನ ಕೈ ತಳ್ಳಿ ಮಾಸ್ಟರ್ ಏರಿಸಿದ. ಲಕ್ಕವ್ವ ಬಾವಿಕಟ್ಟೆಗೆ ಬೆನ್ನು ಮಾಡಿ ರಂಗದ ತುದಿಯಲ್ಲಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಆಳೆತ್ತರದಿಂದ ಕೆಳಗೆ ಬೀಳುತ್ತಿದ್ದಳು.

ಅವಳು ಸೆರಗು ಸರಿಮಾಡಿಕೊಂಡು ನಾನಿದ್ದ ಕಡೆ ತಿರುಗಿದಳು.

“ಮಾತು ಒಂದೂ ಮರತಿಲ್ರಿ ಮಾಸ್ತರ” ಎಂದಳು.

ಜ್ಞಾನದೇವ ಅವತ್ತು ಕೋಲೂರಿಕೊಂಡು ಹೊರಗೆ ಹೋದದ್ದು ನೆನಪಾಯಿತು. ತಪ್ಪಾಯಿತು ಅನ್ನುವ ಅಭ್ಯಾಸ ನನ್ನ ನಾಲಿಗೆಗಿಲ್ಲ, ಅದಕ್ಕೂ ಬೈಗುಳವೇ ಬಂತು.

“ಏನ್ ನೋಡ್ತಿಯೋ ಮುನಾಫ? ಮೊದಲಿದ್ದಂಗ ಪ್ಯಾಚ್ ಮಾಡು! ಹೊತ್ತಾಗೈತಿ!”

ಆಟ ನಡೆಯಿತು. ಲಕ್ಕವ್ವ ಕತ್ತಲಲ್ಲಿ ಎಂಟು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕೂತಳು. ಬೆಳಕು ಬಂದಾಗ ಜನ ಚಪ್ಪಾಳೆ ಹೊಡೆದರು. ಮುಗಿದ ಮೇಲೆ ತೀರ್ಪುಗಾರರು ನನ್ನನ್ನು ಕರೆದರು. ಕೈಯಲ್ಲಿ ಅಂಕದ ಹಾಳೆ.

“ಕತ್ತಲಲ್ಲಿ ಕೆಂಪು ದೀಪವೊಂದು ಉಳಿದಿತ್ತಲ್ಲ, ಲೈಟಿನವರ ತಪ್ಪೇ?”

“ಇಲ್ಲ. ನಾನೇ ಹೇಳಿ ಇಡಿಸಿದ್ದು.”

“ಯಾಕೆ?”

ಅಷ್ಟು ದೂರದಲ್ಲಿ ಲಕ್ಕವ್ವ ಮುಖದ ಬಣ್ಣ ಒರೆಸುತ್ತ ನಿಂತಿದ್ದಳು. ಒರೆಸುವ ಕೈ ಹಾಗೇ ನಿಂತಿತು. ಹತ್ತು ದಿನ ಗಂಟಲು ಹರಿಯುವ ಹಾಗೆ ಕೂಗಾಡಿದ ನಾನು, ಆಟಕ್ಕೆ ಮೊದಲು ಮುನಾಫ ನೋಡಿದ ಹಾಗೆಯೇ ಅವಳ ಕಡೆ ನೋಡಿದೆ.

ವೈರ್ ಸುತ್ತುತ್ತಿದ್ದ ಮುನಾಫ ನನ್ನ ಬೆನ್ನ ಹಿಂದೆ ಬಂದು ಮೆಲ್ಲಗೆ ಹೇಳಿದ:

“ಹಳೇ ವೈರ್ ಅನ್ರಿ ಸರ.”